ಅದಕ್ಕೂ ಮೊದಲು ಎಲ್ಲಿಯವರು?

ಈ ಪ್ರಶ್ನೆ ಸಾಮಾನ್ಯವಾಗಿ ಎರಡನೆಯ ಭೇಟಿಯಲ್ಲಿ ಬರುತ್ತದೆ. ಮೊದಲ ಸಲ ನನ್ನ ಹೆಸರಿನ ಕೊನೆಗಿರುವ ರಾಠೋಡ ಎಂಬುದನ್ನು ಗಮನಿಸಿ ಸುಮ್ಮನಿರುತ್ತಾರೆ. ಎರಡನೆಯ ಸಲ, ಚಹಾ ಬಂದ ಮೇಲೆ, "ಮೇಡಂ, ನೀವು ಮೂಲತಃ ಎಲ್ಲಿಯವರು?" ಸೇಡಂ ಎನ್ನುತ್ತೇನೆ. "ಅದಕ್ಕೂ ಮೊದಲು?" ನಮ್ಮಜ್ಜನ ಕಾಲದಲ್ಲಿ ಚಿತ್ತಾಪುರದ ಕಡೆ ಇದ್ದರಂತೆ ಎನ್ನುತ್ತೇನೆ. "ಅಲ್ಲ ಮೇಡಂ, ಅದಕ್ಕೂ ಮೊದಲು." ಅವರಿಗೆ ಬೇಕಾಗಿರುವುದು ರಾಜಸ್ಥಾನ. ಆ ಹೆಸರು ಬಾಯಿಂದ ಬಿದ್ದ ಕೂಡಲೇ ಮುಖ ಅರಳುತ್ತದೆ. "ಆದರೂ ಕನ್ನಡ ಎಷ್ಟು ಚೆನ್ನಾಗಿ ಮಾತನಾಡುತ್ತೀರಿ!" ಎಂಬ ಬಹುಮಾನವೂ ಸಿಗುತ್ತದೆ.

ಕಲಬುರಗಿಯ ಕಚೇರಿಯಲ್ಲಿ ಹದಿನಾಲ್ಕು ವರ್ಷಗಳಿಂದ ಈ ಚಹಾ ಕುಡಿಯುತ್ತಿದ್ದೇನೆ. ಒಮ್ಮೆ ಪೂರ್ತಿಯಾಗಿ ಉತ್ತರಿಸಿಬಿಡೋಣ ಎನ್ನಿಸಿತು.

ರಾಜಸ್ಥಾನ ಸುಳ್ಳೇನಲ್ಲ. ನಾವು ಲಂಬಾಣಿಗಳು. ಮನೆಯಲ್ಲಿ ನಾವಾಡುವ ಗೋರಬೋಲಿ, ಅಂದರೆ ಲಂಬಾಣಿ ನುಡಿ, ರಾಜಸ್ಥಾನಿ ನುಡಿಗಳ ಬಳಗದ್ದು. ನಮ್ಮ ಹಿರಿಯರು ಎತ್ತುಗಳ ಬೆನ್ನಿಗೆ ಧಾನ್ಯ, ಉಪ್ಪು ಹೇರಿಕೊಂಡು, ದಖ್ಖನ್ನಿಗೆ ದಂಡೆತ್ತಿ ಬಂದ ಮೊಘಲ್ ಸೈನ್ಯಗಳ ಬೆನ್ನ ಹಿಂದೆ ನಡೆದವರು. ಲವಣದಿಂದಲೇ ಲಮಾಣಿ ಎನ್ನುವವರೂ ಇದ್ದಾರೆ. 1632ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ ಉತ್ತರ ಭಾರತದ ದಾರಿಯಲ್ಲಿ 14,000 ಎತ್ತುಗಳ ತಾಂಡಾ ಎದುರಾದದ್ದನ್ನು ಬರೆದಿಟ್ಟಿದ್ದಾನೆ. ತಾಂಡಾ ಎಂದರೆ ಆಗ ನಡೆಯುವ ಸಾಲು. ಈಗ ಊರ ಹೊರಗೆ ನಿಂತುಬಿಟ್ಟ ಮನೆಗಳು. ನಿಲ್ಲಿಸಿದವುಗಳಲ್ಲಿ ರೈಲೂ ಒಂದು. ಸಿಕಂದರಾಬಾದಿನಿಂದ ತಾಂಡೂರು, ಸೇಡಂ, ಚಿತ್ತಾಪುರದ ಮೇಲೆ ವಾಡಿಗೆ ಹೋಗುವ ಮಾರ್ಗ 1874ರಲ್ಲಿ ತೆರೆಯಿತು. ರಾತ್ರಿ ನಮ್ಮ ಮನೆಯವರೆಗೆ ಅದರ ಸದ್ದು ಕೇಳುತ್ತಿತ್ತು. ಎತ್ತುಗಳ ಹೇರನ್ನು ಕಿತ್ತುಕೊಂಡ ಗಾಡಿ ಅದೇ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಚಿಕ್ಕವಳಿದ್ದಾಗ ಅದು ಅಪ್ಪನನ್ನೂ ಯಾಡಿಯನ್ನೂ ಮುಂಬೈಯ ಕಟ್ಟಡ ಕೆಲಸಕ್ಕೆ ಒಯ್ಯುವ ಗಾಡಿ, ಅಷ್ಟೆ. ಯಾಡಿ ಎಂದರೆ ನಮ್ಮಲ್ಲಿ ತಾಯಿ.

ಆದರೆ "ಅದಕ್ಕೂ ಮೊದಲು" ಎಂಬ ಪ್ರಶ್ನೆ ಎಲ್ಲರ ಪಾಲಿಗೆ ಬರುವುದಿಲ್ಲ, ನನ್ನ ತಕರಾರು ಅಲ್ಲಿದೆ. ನಮ್ಮ ತಾಲ್ಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟರು ತಮ್ಮನ್ನು ಲತ್ತಲೂರು ಪುರದ ಒಡೆಯರು ಎಂದು ಶಾಸನಗಳಲ್ಲಿ ಹೆಮ್ಮೆಯಿಂದ ಕರೆದುಕೊಂಡರು. ಲತ್ತಲೂರು ಎಂದರೆ ಇಂದಿನ ಮಹಾರಾಷ್ಟ್ರದ ಲಾತೂರು. ಅಮೋಘವರ್ಷನ ಕನ್ನಡ ಎಷ್ಟು ಚೆನ್ನಾಗಿದೆ ಎಂದು ಯಾರೂ ಬೆರಗಾಗುವುದಿಲ್ಲ. ಅದೇ ಮಳಖೇಡದಲ್ಲಿ 2023ರ ಜನವರಿ 19ರಂದು ಐದು ಜಿಲ್ಲೆಗಳ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ, ಬಹುಪಾಲು ತಾಂಡಾದವರಿಗೆ, ಹಕ್ಕುಪತ್ರ ವಿತರಣೆಯಾಯಿತು. ಅದುವರೆಗೆ ಅವರ ನೆಲೆಗಳು ಕಂದಾಯ ದಾಖಲೆಯಲ್ಲಿ ಊರುಗಳೇ ಆಗಿರಲಿಲ್ಲ. ಸೇಡಮ್ಮಿನವಳು ಎಂದರೆ ಜನ ನಂಬದೆ ಇರುವುದರಲ್ಲಿ ಆಶ್ಚರ್ಯವೇನಿದೆ!

ಇನ್ನು ರಕ್ತದ ಮಾತು. ಲಂಬಾಣಿಗಳೆಲ್ಲ ಬೆಳ್ಳಗಿರುತ್ತಾರೆ ಎಂದು ಯಾರೋ ಎಲ್ಲರಿಗೂ ಹೇಳಿಟ್ಟಿದ್ದಾರೆ. ನನ್ನ ತಮ್ಮ ಶೇಂಗಾ ಹುರಿಯುವ ಬಾಣಲೆಯ ಬಣ್ಣದವನು. ಅವನನ್ನು ಯಾರೂ ರಾಜಸ್ಥಾನಕ್ಕೆ ಕಳುಹಿಸುವುದಿಲ್ಲ.

ರಕ್ತ ಒಂದೇ ಆದರೂ ಕಾಗದ ಒಂದೇ ಅಲ್ಲ. ನನ್ನ ಚಿಕ್ಕಮ್ಮನನ್ನು ತಾಂಡೂರಿಗೆ ಕೊಟ್ಟಿದ್ದಾರೆ. ಸೋದರಮಾವ ಉಮರ್ಗಾದಲ್ಲಿದ್ದಾನೆ. ಸೇಡಂ ಸೇರಿ ಮೂರೂ ಕಡೆ ಒಂದು ಕಾಲದಲ್ಲಿ ನಿಜಾಮನ ರಾಜ್ಯ; ತಾಂಡೂರಂತೂ ಗುಲಬರ್ಗಾ ಜಿಲ್ಲೆಯದ್ದೇ ತಾಲ್ಲೂಕು. 1956ರ ನವೆಂಬರ್ 1ರಂದು ಕೊಡಂಗಲ್ ಮತ್ತು ತಾಂಡೂರನ್ನು ಬಿಟ್ಟು ಉಳಿದ ಜಿಲ್ಲೆ ಮೈಸೂರಿಗೆ ಬಂತು. ಇವತ್ತು ನಾನು ಪರಿಶಿಷ್ಟ ಜಾತಿ, ಚಿಕ್ಕಮ್ಮನ ಮಕ್ಕಳು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಾವನ ಮಕ್ಕಳು ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಒಬ್ಬಳೇ ಅಜ್ಜಿಯ ಮೊಮ್ಮಕ್ಕಳು ನಾವು! ತೀಜ್ ಹಬ್ಬಕ್ಕೆ ಎಲ್ಲರೂ ಸೇರಿದಾಗ ಗೋಧಿಯ ಸಸಿಗಳ ಸುತ್ತ ಹಾಡುವಾಗ ಮಾತ್ರ ಈ ಮೂರು ಪ್ರಮಾಣಪತ್ರಗಳು ಒಂದೇ ಸ್ವರದಲ್ಲಿ ಹಾಡುತ್ತವೆ. ಅಷ್ಟರಲ್ಲಿ ಮಾವನ ಮಗ ಮರಾಠಿಯಲ್ಲಿ ಬೈಯುತ್ತಾನೆ, ಚಿಕ್ಕಮ್ಮನ ಮಗಳು ತೆಲುಗಿನಲ್ಲಿ ನಗುತ್ತಾಳೆ, ನಾನು ಕನ್ನಡದಲ್ಲಿ ಲೆಕ್ಕ ಹಾಕುತ್ತಿರುತ್ತೇನೆ. ಮನಸ್ಸಿನೊಳಗಿನ ಲೆಕ್ಕ ಶಾಲೆಯ ಭಾಷೆಯಲ್ಲೇ ನಡೆಯುತ್ತದೆ. ಅದನ್ನು ಯಾವ ವಂಶವೂ ಕೊಟ್ಟದ್ದಲ್ಲ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಕೇಳುವ ಚಟ ನಮ್ಮಲ್ಲೂ ಕಡಿಮೆಯಿಲ್ಲ. ನಮ್ಮವರು ಗೋರ್, ಮಿಕ್ಕ ಲೋಕವೆಲ್ಲ ಕೋರ್. ಇಬ್ಬರು ಗೋರ್ ಎದುರಾದರೂ ಮೊದಲು ವಿಚಾರಿಸುವುದು ರಾಠೋಡನೋ ಪವಾರನೋ ಎಂದು. ಅಣ್ಣ ಎನ್ನಬೇಕೋ ಬೀಗ ಎನ್ನಬೇಕೋ ಗೊತ್ತಾಗಬೇಕಲ್ಲ. ನಾನು ಕೋರ್ ಒಬ್ಬನನ್ನು ಮದುವೆಯಾದಾಗ ತಾಂಡಾದ ನಾಯಕ ಎರಡು ವರ್ಷ ನನ್ನ ಜೊತೆ ಮಾತನಾಡಲಿಲ್ಲ.

ನಿಜವಾಗಿ ನನ್ನನ್ನು ರೂಪಿಸಿದ್ದು ಯಾವುದು ಎಂದು ಕೇಳಿದರೆ ಹಾಸ್ಟೆಲಿನ ಒಂದು ಭಾನುವಾರ ನೆನಪಾಗುತ್ತದೆ. ಆಗ ಏಳನೆಯ ತರಗತಿ. ಯಾಡಿ ನನ್ನನ್ನು ನೋಡಲು ಬಂದಿದ್ದಳು, ಕನ್ನಡಿ ಹೊಲಿದ ಫೇಟಿಯಾ, ಕವಡೆ ಕಟ್ಟಿದ ಕಾಂಚಳಿ ತೊಟ್ಟು. ಅವಳು ಕಾಣುವ ಮೊದಲೇ ಅವಳ ಸದ್ದು ಬಂತು. ಹುಡುಗಿಯರು ಕಿಟಕಿಗೆ ಮುಗಿಬಿದ್ದರು. ಅವಳು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚುತ್ತಿದ್ದಾಗ, ಮುಂದಿನ ಸಲ ಸೀರೆ ಉಟ್ಟುಕೊಂಡು ಬಾ ಎಂದೆ. ಹೇಳಿದ್ದು ಗೋರಬೋಲಿಯಲ್ಲಿ, ಬೇರೆಯವರಿಗೆ ತಿಳಿಯಬಾರದೆಂದು. ಅವಳು ಏನೂ ಅನ್ನಲಿಲ್ಲ. ಮುಂದಿನ ತಿಂಗಳು ಪಕ್ಕದ ಊರಿನ ಗೌಡತಿಯ ಹಳೆಯ ಸೀರೆಯಲ್ಲಿ ಬಂದಳು, ನೆರಿಗೆ ಕಾಲಿಗೆ ಸಿಕ್ಕಿ ಮೆಟ್ಟಿಲ ಮೇಲೆ ಎಡವಿದಳು. ಗಲ್ಲದ, ಮುಂಗೈಯ ಹಚ್ಚೆ ಮಾತ್ರ ಸೀರೆಯೊಳಗೆ ಹಿಡಿಸಲಿಲ್ಲ. ಆಮೇಲೆ ತಾಂಡಾದ ಹೊರಗೆ ಅವಳು ಫೇಟಿಯಾ ತೊಟ್ಟದ್ದನ್ನು ನಾನು ಕಂಡಿಲ್ಲ. ಕಚೇರಿಯ ರಾಜ್ಯೋತ್ಸವಕ್ಕೆ ಸಹೋದ್ಯೋಗಿಗಳ ಒತ್ತಾಯಕ್ಕೆ ನಾನೇ ಅದನ್ನು ಟ್ರಂಕಿನಿಂದ ತೆಗೆದು ತೊಟ್ಟೆ. ಎಲ್ಲರೂ ಫೋಟೋ ತೆಗೆಸಿಕೊಂಡರು.

ಪ್ರಶ್ನೆಗೆ ನನಗೆ ಇಷ್ಟವಾದ ಉತ್ತರ ಸಂವಿಧಾನದಲ್ಲಿದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ 371(ಜೆ) ವಿಧಿ, ಹುಟ್ಟಿನಿಂದ ಅಥವಾ ವಾಸದಿಂದ ಈ ಪ್ರದೇಶಕ್ಕೆ ಸೇರಿದ ವಿದ್ಯಾರ್ಥಿಗಳಿಗೆ ಸೀಟು ಮೀಸಲಿಡಬಹುದು ಎನ್ನುತ್ತದೆ. ಹುಟ್ಟು ಅಥವಾ ವಾಸ. "ಅದಕ್ಕೂ ಮೊದಲು" ಎಂಬ ಕಾಲಂ ಅದರಲ್ಲಿಲ್ಲ.

ಮಗಳನ್ನು ಶಾಲೆಗೆ ಸೇರಿಸುವಾಗ ಮಾತೃಭಾಷೆಯ ಕಾಲಂ ಮಾತ್ರ ಇತ್ತು. ಲಂಬಾಣಿ ಎಂದು ಬರೆದೆ. ಜನಗಣತಿ ಆ ನುಡಿಯನ್ನು ಹಿಂದಿಯ ಲೆಕ್ಕಕ್ಕೆ ಸೇರಿಸುತ್ತದೆ ಎಂಬುದು ಗೊತ್ತಿದ್ದೇ, ತುಸು ಹಟದಿಂದ ಬರೆದೆ. ಮಗುವಿಗೆ ಮಾತನಾಡಲು ಬರುತ್ತದೆಯೇ ಎಂದು ಗುಮಾಸ್ತರು ಕೇಳಿದರು. ಬರುವುದಿಲ್ಲ. ಅದಕ್ಕೇ ಪ್ರತಿ ಭಾನುವಾರ ಯಾಡಿಗೆ ಫೋನ್ ಹಚ್ಚಿ ಮಗಳ ಕೈಗೆ ಕೊಡುತ್ತೇನೆ. ಯಾಡಿ ಎತ್ತಿದ ಕೂಡಲೇ ಕನ್ನಡದಲ್ಲಿ ಶುರುಮಾಡುತ್ತಾಳೆ, ಹಾಸ್ಟೆಲಿಗೆ ಬರುತ್ತಿದ್ದಾಗ ಕಲಿತ ಕನ್ನಡದಲ್ಲಿ. ನಮ್ಮ ಮಾತು ಆಡು ಎಂದು ಎಷ್ಟು ಸಲ ಹೇಳಿದರೂ, "ಬೇಡ ಬಿಡು, ಅವಳ ಗೆಳತಿಯರು ಪಕ್ಕದಲ್ಲಿರಬಹುದು" ಎನ್ನುತ್ತಾಳೆ.