‘ದಾರಿಯಾಗ ಒಡಿಯೂದಿಲ್ಲೇನ್ರಿ?’

ಧಾರವಾಡದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಾನು ಮಗ್‌ಗಳ ಮೇಲೆ ಪ್ರಿಂಟ್ ಹಾಕಿ ಮಾರುತ್ತೇನೆ. ‘ಚಾ ಆತೇನ್ರಿ?’ ಅಂತ ಬರೆದದ್ದು ಎಲ್ಲಕ್ಕಿಂತ ಜಾಸ್ತಿ ಹೋಗುತ್ತದೆ. ಬೆಂಗಳೂರು, ಪುಣೆ ಸೇರಿದ ನಮ್ಮ ಕಡೆಯವರೇ ಹೆಚ್ಚಾಗಿ ತರಿಸಿಕೊಳ್ಳುತ್ತಾರೆ. ಅವರಿಂದ ಹಿಡಿದು ಪಕ್ಕದ ಮನೆ ಕಾಕೂ ತನಕ ಎಲ್ಲರೂ ಕೇಳುವುದು ಒಂದೇ: “ದಾರಿಯಾಗ ಒಡಿಯೂದಿಲ್ಲೇನ್ರಿ?” ಇದೇ ಕೆಲಸ ಹೊಸದಾಗಿ ಶುರು ಮಾಡಿದವರು ಮಾತ್ರ ಬೇರೆ ಥರ ಕೇಳುತ್ತಾರೆ: “ಅಕ್ಕಾರ, ಯಾವ ಬಬಲ್ ರ್‍ಯಾಪ್ ತಗೋತೀರಿ?”

ಒಡೆಯುತ್ತವೆ. ನನ್ನ ಮೊದಲ ಆರ್ಡರೇ ಒಡೆದಿತ್ತು.

ಮೈಸೂರಿಗೆ ಎರಡು ಮಗ್. ಬಬಲ್ ರ್‍ಯಾಪ್ ನಾಲ್ಕು ಸುತ್ತು ಸುತ್ತಿದ್ದೆ. ಔಷಧಿ ಅಂಗಡಿಯಿಂದ ತಂದ ದೊಡ್ಡ ರಟ್ಟಿನ ಡಬ್ಬಿ. ಮೇಲೆ ನಾಲ್ಕೂ ಕಡೆ ಕೆಂಪು ‘ಫ್ರಜೈಲ್’ ಚೀಟಿ. ತಲುಪಿದ ಮೇಲೆ ಅವರು ಫೋಟೋ ಕಳಿಸಿದರು. ಮಗ್ ಎರಡೂ ಗಟ್ಟಿಯಾಗಿಯೇ ಇದ್ದವು, ಹಿಡಿಕೆ ಎರಡೂ ಕಿತ್ತು ಬಂದಿದ್ದವು. ಕೊರಿಯರ್‌ನವರನ್ನು ಮನಸ್ಸು ತುಂಬ ಬೈದೆ. ಆಮೇಲೆ ಅಂಥದ್ದೇ ಡಬ್ಬಿ ಮತ್ತೆ ಕಟ್ಟಿ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದೆ. ಒಳಗೆ ಧಡಧಡ ಸಪ್ಪಳ. ಎರಡೂ ಮಗ್ ಒಂದಕ್ಕೊಂದು ಗುದ್ದಾಡುತ್ತಿದ್ದವು. ಬೈಸಿಕೊಳ್ಳಬೇಕಾದವಳು ನಾನೇ.

ನಿಜ ಗೊತ್ತಾದದ್ದು ನನಗೇ ಬರುವ ಮಾಲಿನಿಂದ. ಪ್ರಿಂಟ್ ಇಲ್ಲದ ಬಿಳಿ ಮಗ್ ನನಗೆ 36ರ ಪೆಟ್ಟಿಗೆಯಲ್ಲಿ ಬರುತ್ತವೆ. ಒಂದೊಂದಕ್ಕೂ ತೆಳ್ಳನೆಯ ರಟ್ಟಿನ ಡಬ್ಬಿ, ಅಷ್ಟೇ. ಬಬಲ್ ರ್‍ಯಾಪ್ ಇಲ್ಲ, ಥರ್ಮಾಕೋಲ್ ಇಲ್ಲ. ಎಷ್ಟೋ ದೂರದಿಂದ ಲಾರಿಯಲ್ಲಿ ಬಂದರೂ ಒಡೆದದ್ದು ಸಿಗುವುದು ಅಪರೂಪ. ಯಾಕೆಂದರೆ ಒಳಗೆ ಬೆರಳು ತೂರಿಸಲೂ ಜಾಗ ಇಲ್ಲ. ಬಳೆಗಾರರ ಮಲಾರ ನೆನಪಿದೆಯಾ? ಗಾಜಿನ ಬಳೆಗಳನ್ನು ಒತ್ತಾಗಿ ಪೋಣಿಸಿ, ಬಿಗಿದು ಕಟ್ಟಿ, ಹೆಗಲಿಗೆ ಹಾಕಿಕೊಂಡು ಊರೂರು ಸುತ್ತುತ್ತಿದ್ದರು. ಅದೇ ಬಳೆ ನಾಲ್ಕನ್ನು ಚೀಲದಲ್ಲಿ ಬಿಡಿಯಾಗಿ ಹಾಕಿಕೊಂಡು ಬನ್ನಿ ನೋಡೋಣ!

ಹಾಗಾಗಿ ಬಬಲ್ ರ್‍ಯಾಪ್ ಯಾವುದು ಅನ್ನುವುದು ಆಮೇಲಿನ ಮಾತು. ಮೊದಲು ಮಗ್ ಅಲ್ಲಾಡಬಾರದು.

ನಾನು ಶುರು ಮಾಡುವುದು ಹಿಡಿಕೆಯಿಂದ. ಹಿಡಿಕೆಗೂ ಮಗ್‌ಗೂ ನಡುವೆ ಕಿಂಡಿ ಇದೆಯಲ್ಲ, ಅದರಲ್ಲಿ ಕಾಗದದ ಸುರುಳಿ ತೂರಿಸುತ್ತೇನೆ. ಹಿಡಿಕೆಯ ಎರಡೂ ಬದಿಗೆ ಇನ್ನೊಂದೊಂದು ಸುರುಳಿ. ಈಗ ಮೇಲಿಂದ ನೋಡಿದರೆ ಹಿಡಿಕೆ ಹೊರಗೆ ಚಾಚಿಕೊಂಡಿಲ್ಲ, ಎಲ್ಲ ಸೇರಿ ಒಂದೇ ಉಂಡೆ. ಪೆಟ್ಟು ಬಿದ್ದರೆ ಹಿಡಿಕೆ ಒಂದೇ ತಿನ್ನುವುದಿಲ್ಲ. ಅದರ ಮೇಲೆ ಬಬಲ್ ರ್‍ಯಾಪ್ ಎರಡು ಸುತ್ತು ಸಾಕು. ಕಾಗದಕ್ಕೆ ಹಳೆ ಪೇಪರ್ ನಡೆಯುತ್ತದೆ, ಆದರೆ ಮಗ್‌ಗೆ ತಾಗುವ ಮೊದಲ ಹಾಳೆ ಮಾತ್ರ ಬಿಳಿಯದೇ ಇರಲಿ. ತಳದಲ್ಲಿ ಗ್ಲೇಜ್, ಅಂದರೆ ಹೊಳಪಿನ ಲೇಪ, ಇಲ್ಲದ ಉಂಗುರ ಇರುತ್ತದೆ, ಪೇಪರಿನ ಮಸಿ ಅಲ್ಲಿ ಹತ್ತಿಕೊಂಡರೆ ತೊಳೆದರೂ ಹೋಗುವುದಿಲ್ಲ.

ಡಬ್ಬಿಯ ಅಳತೆಯಲ್ಲೇ ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು. ಮಗ್‌ನ ಎತ್ತರ ಸುಮಾರು 9.5 ಸೆಂಟಿಮೀಟರ್, ಹಿಡಿಕೆ ಸೇರಿ ಉದ್ದ 12. ಸುತ್ತಲೂ ಸುಮಾರು ಮೂರು ಸೆಂಟಿಮೀಟರ್ ಬಿಟ್ಟರೆ 18 ಉದ್ದ, 15 ಅಗಲ, 16 ಎತ್ತರದ ಡಬ್ಬಿ ಆಗುತ್ತದೆ. ಕೊರಿಯರ್‌ನವರು ಸಾಮಾನ್ಯವಾಗಿ ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುತ್ತಾರೆ, ಬಂದದ್ದು ಕಿಲೋ ಲೆಕ್ಕ. ಅದು ತೂಕಕ್ಕಿಂತ ಜಾಸ್ತಿ ಬಂದರೆ ಅದಕ್ಕೇ ದುಡ್ಡು. ಈ ಡಬ್ಬಿಗೆ 864 ಗ್ರಾಂ ಬರುತ್ತದೆ. ಅದೇ ಮಗ್ ಅನ್ನು ಎಲ್ಲ ಕಡೆ 25 ಸೆಂಟಿಮೀಟರ್ ಇರುವ ಡಬ್ಬಿಗೆ ಹಾಕಿ, ಮೂರು ಕಿಲೋ ದಾಟುತ್ತದೆ. ಸುಮ್ನೆ ಗಾಳಿಗೆ ಬಾಡಿಗೆ ಕಟ್ಟಿದ ಹಾಗೆ. ಮೇಲಾಗಿ ಆ ಗಾಳಿಯಲ್ಲೇ ಮಗ್ ಓಡಾಡಿ ಒಡೆಯುವುದು.

ಡಬ್ಬಿ ಒಂದೆರಡು ಮಗ್‌ಗೆ ತ್ರೀ ಪ್ಲೈ, ಅಂದರೆ ಮೂರು ಪದರದ ರಟ್ಟು; ಎರಡಕ್ಕಿಂತ ಹೆಚ್ಚಿದ್ದರೆ ಐದು ಪದರದ ಫೈವ್ ಪ್ಲೈ. ಹುಬ್ಬಳ್ಳಿಗೆ ಹೋದಾಗ ಒಟ್ಟಿಗೇ ಕಟ್ಟು ತರುತ್ತೇನೆ. ಒಳಗಿನ ಅಲೆ ಅಲೆ ಕಾಗದದ ಗೆರೆಗಳು ನಿಂತಿರಬೇಕು, ಮಲಗಿರಬಾರದು. ನಿಂತಿದ್ದರೆ ಮೇಲಿನ ಭಾರ ತಡೆಯುತ್ತದೆ. ಮಳೆಗಾಲದಲ್ಲಿ ಈ ರಟ್ಟನ್ನು ನಂಬುವ ಹಾಗಿಲ್ಲ. ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಡಬ್ಬಿ ಮನೆಯಲ್ಲಿ ಇಟ್ಟಲ್ಲೇ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಜೂನ್ ಬಂತೆಂದರೆ ಕಟ್ಟನ್ನು ಅಟ್ಟಕ್ಕೆ ಏರಿಸುತ್ತೇನೆ, ಪಾರ್ಸೆಲ್ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿಯೇ ಕಳಿಸುತ್ತೇನೆ.

ಹುಲ್ಲು ತುಂಬಿದರೆ ಚೆಂದ ಕಾಣುತ್ತದೆ ಅಂತ ಕೆಲವರು ಹೇಳುತ್ತಾರೆ. ಒಮ್ಮೆ ಮಾಡಿದ್ದೆ. ಹುಳ ಬಿತ್ತು. ಆ ಕಥೆ ಅಲ್ಲಿಗೇ ಮುಗಿಯಿತು.

ಫ್ರಜೈಲ್ ಚೀಟಿ ಈಗಲೂ ಅಂಟಿಸುತ್ತೇನೆ, ಗಿರಾಕಿಯ ಸಮಾಧಾನಕ್ಕೆ. ಕಟ್ಟುವಾಗ ಮಾತ್ರ ಅದನ್ನು ಯಾರೂ ಓದುವುದಿಲ್ಲ ಅಂದುಕೊಂಡೇ ಕಟ್ಟುವುದು. ‘ಹಗೂರಕ ಹಿಡೀರಿ’ ಅಂತ ಕನ್ನಡದಲ್ಲೂ ಬರೆದು ನೋಡಿದೆ. ಅಂಚೆ ಕಚೇರಿಯ ಕೌಂಟರ್‌ನಲ್ಲಿದ್ದವರು ನಕ್ಕರು, ಅಷ್ಟೇ ಲಾಭ. “ರಿಜಿಸ್ಟರ್ ಪೋಸ್ಟ್ ಮಾಡ್ರಿ, ಅದು ಭದ್ರ” ಅನ್ನುವ ಹಿರಿಯರು ಇನ್ನೂ ಇದ್ದಾರೆ. 2025ರಲ್ಲೇ ಅದನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಟ್ಟಿದ್ದಾರೆ ಅಂತ ಅವರಿಗೆ ತಿಳಿಸಿ ಹೇಳಬೇಕಾಗುತ್ತದೆ. ಇನ್ನು ಧಾರವಾಡದಿಂದ ಪಾರ್ಸೆಲ್ ಅಂದರೆ ಎಲ್ಲರಿಗೂ ಪೇಡೆಯೇ ನೆನಪಾಗುವುದು. ಪೇಡೆಯವರ ಪುಣ್ಯ, ಮುರಿದರೂ ರುಚಿ ಕೆಡುವುದಿಲ್ಲ.

ಹೊಸ ಅಳತೆಯ ಡಬ್ಬಿ ತಂದಾಗಲೆಲ್ಲ ಒಂದು ಪರೀಕ್ಷೆ ಇದ್ದೇ ಇದೆ. ಪ್ರಿಂಟ್ ಕೆಟ್ಟ ಮಗ್ ಒಂದನ್ನು ಕಟ್ಟಿ, ಅಲ್ಲಾಡಿಸಿ, ಸಪ್ಪಳ ಇಲ್ಲದಿದ್ದರೆ ಅಡುಗೆಮನೆ ಕಟ್ಟೆಯಿಂದ ನೆಲಕ್ಕೆ ಬೀಳಿಸುತ್ತೇನೆ. ಒಮ್ಮೆ ತಳದ ಮೇಲೆ, ಒಮ್ಮೆ ಮಗ್ಗುಲಿಗೆ, ಒಮ್ಮೆ ಮೂಲೆಯ ಮೇಲೆ. ಮೂಲೆಯ ಪೆಟ್ಟೇ ಕೆಟ್ಟದ್ದು. ಅಷ್ಟೆಲ್ಲ ಮಾಡಿಯೂ ಆಗೊಮ್ಮೆ ಈಗೊಮ್ಮೆ ಒಡೆದ ಫೋಟೋ ಬರುತ್ತದೆ. ಆಗ ಮಾತಿಲ್ಲದೆ ಇನ್ನೊಂದು ಕಳಿಸುತ್ತೇನೆ. ಆ ಖರ್ಚು ಮೊದಲೇ ಬೆಲೆಯಲ್ಲಿ ಹಿಡಿದಿರುತ್ತೇನೆ, ಮುಚ್ಚಿಡುವುದೇನು.

ಪರೀಕ್ಷೆಯಲ್ಲಿ ಹಿಡಿಕೆ ಹೋದವುಗಳನ್ನು ಎಸೆಯಲು ಅವ್ವ ಬಿಡುವುದಿಲ್ಲ. ಈಗ ಜೋಳದ ಹಿಟ್ಟು ಅಳೆಯುವುದು ‘ಚಾ ಆತೇನ್ರಿ?’ ಅನ್ನುವ ಒಂದು ಮೋಟು ಮಗ್‌ನಲ್ಲಿ. “ಹಿಡಿಕಿ ಹೋದ್ರ ಏನಾತು, ನಾಕು ರೊಟ್ಟಿಗೆ ಬರೋಬ್ಬರಿ ಅಳತಿ ಐತಿ” ಅನ್ನುತ್ತಾಳೆ.