ಬಸ್ಸಾರಿನ ಪಕ್ಕದಲ್ಲೊಂದು ವೈನ್ ಲೋಟ: ಹದಿನಾಲ್ಕನೆಯ ಬಾಟಲಿಯವರೆಗಿನ ಟಿಪ್ಪಣಿ

ನಮ್ಮ ಮನೆಯ ಅಡುಗೆಗೆ ಯಾವ ವೈನ್ ಒಗ್ಗುತ್ತದೆ ಎಂಬುದನ್ನು ಕುಡಿದೇ ತಿಳಿಯಬೇಕೆಂದು ನವೆಂಬರ್ ನಡುವಿನಲ್ಲಿ ಆರಂಭಿಸಿದ ಪ್ರಯೋಗ ಜೂನ್ ಹೊತ್ತಿಗೆ ಹದಿನಾಲ್ಕನೆಯ ಬಾಟಲಿಗೆ ಬಂದು ನಿಂತಿದೆ. ಶನಿವಾರ ರಾತ್ರಿ ಮಾತ್ರ, ಇಬ್ಬರಿಗೂ ಒಂದೊಂದೇ ಲೋಟ, ವೈನಿಗಾಗಿ ಅಡುಗೆಯನ್ನು ಬದಲಿಸುವಂತಿಲ್ಲ ಎಂಬ ನಿಯಮಗಳಲ್ಲಿ ಕೊನೆಯದು ನನ್ನ ಪತ್ನಿ ವಿಧಿಸಿದ್ದು. ಪ್ರಯೋಗಕ್ಕೆ ಅರ್ಥ ಬಂದಿರುವುದೂ ಅದರಿಂದಲೇ.

ಮೊದಲ ನಾಲ್ಕು ಬಾಟಲಿಗಳೂ ಕೆಂಪು ವೈನ್, ನಾಲ್ಕೂ ಸೋಲು. ಹುರುಳಿಕಾಳಿನ ಬಸ್ಸಾರಿನ ಜೊತೆ ಕ್ಯಾಬರ್ನೆ ಸಾವಿನ್ಯೋಂ ಕುಡಿದ ರಾತ್ರಿ ಬಾಯಿಯಲ್ಲಿ ಉಳಿದದ್ದು ಉರಿ ಮತ್ತು ಕಹಿ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುವ ಟ್ಯಾನಿನ್ ಒಗರಿನದು. ಮೆಣಸಿನಕಾಯಿಯ ಖಾರ ತಾಗಿದ ನಾಲಿಗೆಗೆ ಆ ಒಗರು ಇನ್ನಷ್ಟು ಒರಟಾಗುತ್ತದೆ, ಶೇ. 14ರಷ್ಟು ಆಲ್ಕೋಹಾಲ್ ಇದ್ದರೆ ಉರಿಯೂ ಏರುತ್ತದೆ. ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕೆಂಬುದನ್ನು ಅಕ್ಷರಶಃ ನಂಬಿದ್ದೆ. ಆದರೆ ಆ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಕೋಣೆಗಳಲ್ಲಿ, ಅದು ಹೇಳುವುದು ಸುಮಾರು 16ರಿಂದ 18 ಡಿಗ್ರಿಯನ್ನು. ಈಗ ಕೆಂಪು ಬಾಟಲಿಯೂ ಊಟಕ್ಕೆ ಅರ್ಧ ಗಂಟೆ ಮೊದಲು ಫ್ರಿಜ್ ಸೇರುತ್ತದೆ.

ತಿರುವು ಸಿಕ್ಕಿದ್ದು ಆರನೆಯ ಬಾಟಲಿಯಲ್ಲಿ. ಜೋಳದ ರೊಟ್ಟಿ, ಎಣ್ಣೆಗಾಯಿಯ ಜೊತೆಗೆ ತುಸು ಸಿಹಿಯುಳಿದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನನ್ನು ಚೆನ್ನಾಗಿ ತಣಿಸಿ ಇಟ್ಟೆವು. ಊಟ ಹುಳಿಯಾಗಿದ್ದರೆ ವೈನಿನ ಹುಳಿ ಕುಗ್ಗಿದಂತೆ ತೋರುತ್ತದೆ. ಆದ್ದರಿಂದ ಹುಣಸೆಯ ಎದುರು ನಿಲ್ಲಲು ವೈನಿಗೂ ಸಾಕಷ್ಟು ಹುಳಿ ಇರಬೇಕು. ಶೆನಿನ್‌ಗೆ ಅದಿತ್ತು, ಅದರ ಸಿಹಿ ಎಣ್ಣೆಗಾಯಿಯ ಬೆಲ್ಲಕ್ಕೂ ಶೇಂಗಾ ಪುಡಿಗೂ ನೆಂಟನಂತೆ ಹೊಂದಿಕೊಂಡಿತು. ಬಿಸಿ ಸಾರಿನ ಜೊತೆ ಮಾತ್ರ ಯಾವ ವೈನೂ ಬೇಡವೆಂಬ ತೀರ್ಮಾನಕ್ಕೆ ಬಂದಿದ್ದೇನೆ. ಅಲ್ಲಿ ಮಜ್ಜಿಗೆಯೇ ಸರಿ. ಮುದ್ದೆಯ ಸಮಸ್ಯೆ ಬೇರೆಯೇ. ಅದನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ತುತ್ತಿಗೂ ಗುಟುಕಿಗೂ ಬಾಯಿಯಲ್ಲಿ ಭೇಟಿಯೇ ಆಗುವುದಿಲ್ಲ.

ಫೆಬ್ರವರಿಯ ಒಂದು ಭಾನುವಾರ ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿ ತೋಟಗಳ ಕಡೆ ಹೋಗಿದ್ದೆವು. ಯುರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಇಲ್ಲಿನ ಬಳ್ಳಿಗೆ ಆ ನಿದ್ದೆಯಿಲ್ಲ. ಹಾಗಾಗಿ ವೈನಿನ ತಳಿಗಳನ್ನು ವರ್ಷಕ್ಕೆರಡು ಬಾರಿ, ಬೇಸಿಗೆಯಲ್ಲೊಮ್ಮೆ ಮತ್ತು ಮಳೆಗಾಲ ಮುಗಿಯುವಾಗ ಇನ್ನೊಮ್ಮೆ, ಕತ್ತರಿಸಿ ಸವರುತ್ತಾರೆ. ಕೊಯ್ಲು ಮಾತ್ರ ಒಂದೇ. ಮರಳುವಾಗ ಗಾಡಿಯೊಂದರಲ್ಲಿ ಬೆಂಗಳೂರು ನೀಲಿ ದ್ರಾಕ್ಷಿ ಕೊಂಡೆವು. ಅಮೆರಿಕದ ಲಾಬ್ರುಸ್ಕಾ ಕುಲಕ್ಕೆ ಸಂಬಂಧಿಸಿದ, ಹಿಸುಕಿದರೆ ಸಿಪ್ಪೆ ಬಿಟ್ಟು ತಿರುಳು ಜಾರುವ ಈ ಹಣ್ಣಿನ ಘಮ ಯಾವ ಬಾಟಲಿಯಲ್ಲೂ ನನಗೆ ಸಿಕ್ಕಿರಲಿಲ್ಲ. ಬಾಲ್ಯದಿಂದ ದ್ರಾಕ್ಷಿಯೆಂದರೆ ಇದೇ ಎಂದುಕೊಂಡವನಿಗೆ ಕೆಂಪು ವೈನಿನ ತಳಿಯಾದ ಶಿರಾಜ್ ಅಪರಿಚಿತವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ತೊಡಕು ತಡವಾಗಿ ಬಗೆಹರಿಯಿತು. 750 ಮಿ.ಲೀ. ಬಾಟಲಿ ನಮಗೆ ಎರಡು ಶನಿವಾರ ಬರುತ್ತದೆ. ಎರಡನೆಯ ವಾರಕ್ಕೆ ವೈನ್ ಗಾಳಿಗೆ ಸೋತು ಮಂಕಾಗಿರುತ್ತಿತ್ತು. ಈಗ ತೆರೆದ ಕೂಡಲೇ ಅರ್ಧವನ್ನು 375 ಮಿ.ಲೀ.ಯ ಸಣ್ಣ ಬಾಟಲಿಗೆ ಕಂಠಮಟ್ಟ ತುಂಬಿ, ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಡುತ್ತೇನೆ. ಲೋಟಗಳಿಗೆ ಸುರಿದ ಮೇಲೆ ಉಳಿಯುವ ಚೂರುಪಾರು ಅಡುಗೆ ಮಾಡಿದವರ ಪಾಲು.

ಬಾಕಿಯಿರುವುದು ಹಿತಕಿದ ಬೇಳೆ. ಜನವರಿಯಲ್ಲಿ ಅದಕ್ಕೆ ಶಿರಾಜ್ ಇಟ್ಟು ಅವರೆಯ ಸೊಗಡನ್ನೇ ಹಾಳುಗೆಡವಿದೆ. ನಸುಗೆಂಪು ವೈನಾದ ರೋಸೆಯೊಂದಿಗೆ ಮತ್ತೆ ನೋಡಬೇಕು. ಅವರೆ ಬರಲು ಡಿಸೆಂಬರ್ ಆಗಬೇಕು.