ತಾತನ ಮನೆ ಮಾರೋ ಮುಂಚೆ

ನ್ಯೂಜೆರ್ಸಿಯಲ್ಲಿ ನಮ್ಮ ಪಕ್ಕದ ಮನೆಯವರೂ ಬೆಂಗಳೂರಿನವರೇ. ಬನಶಂಕರಿಯ ಮನೆಯನ್ನು ಮಾರಾಟಕ್ಕಿಟ್ಟಿದ್ದಾರೆ. ಬ್ರೋಕರ್ ವಾಟ್ಸ್ಯಾಪ್‌ನಲ್ಲಿ ಕಳಿಸಿದ ಫೋಟೊಗಳನ್ನು ನೋಡಿ ಅವರ ಮಗಳು ಕೇಳಿದಳು: “ಅಪ್ಪ, ತಾತನ ಮನೆ ಮಾರ್ತಿದ್ದೀವಾ, ಕೆಡವ್ತಿದ್ದೀವಾ?”

ಮುಚ್ಚಿದ ಕಿಟಕಿ, ಮೂಲೆಯಲ್ಲಿ ಪೇರಿಸಿದ ಹಳೇ ಪೇಪರ್, ಬಚ್ಚಲಿನ ಪಕ್ಕದ ಗೋಡೆಯಲ್ಲಿ ಉಬ್ಬಿ ಉದುರುತ್ತಿರುವ ಬಣ್ಣ. ಮಗು ಕೇಳಿದ್ದರಲ್ಲಿ ತಪ್ಪಿಲ್ಲ, ಅದಕ್ಕೇ ಮನಸ್ಸಿಗೆ ನಾಟಿತು. ಇಲ್ಲಿಯ ಜನ ಮಾರಾಟದ ಬೋರ್ಡ್ ನೆಡುವ ಮೊದಲೇ ವಾರಗಟ್ಟಲೆ ಮನೆ ಅಣಿ ಮಾಡುತ್ತಾರೆ. ಹೊಟ್ಟೆಬಟ್ಟೆ ಕಟ್ಟಿ ಹಿರಿಯರು ಕಟ್ಟಿಸಿದ ಮನೆಯ ಬೀಗದ ಕೈಯನ್ನು ನಾವು ಬ್ರೋಕರ್‌ಗೆ ಕೊಟ್ಟು ಸುಮ್ಮನಾಗುತ್ತೇವೆ.

ಅದಕ್ಕೊಂದು ಕಾರಣವೂ ಇದೆ. ಜಯನಗರ, ಬಸವನಗುಡಿ, ಮಲ್ಲೇಶ್ವರದ ಎಷ್ಟೋ ಹಳೇ ಮನೆಗಳು ಸೈಟಿನ ಬೆಲೆಗೇ ಹೋಗುತ್ತವೆ. ಕೊಳ್ಳುವವರು ಕೆಡವಿ ಕಟ್ಟುವವರೇ ಎಂದು ಖಚಿತವಿದ್ದರೆ, ಗುಡಿಸಿ, ಗಿಡಗಂಟಿ ತೆಗೆಸಿ, ಸೈಟಿನ ನಾಲ್ಕು ಮೂಲೆ ಕಾಣುವಂತೆ ಮಾಡಿದರೆ ಸಾಕು. ಬಣ್ಣಕ್ಕೆ ಒಂದು ರೂಪಾಯಿಯೂ ಬೇಡ. ಮುಂದೆ ಹೇಳುವುದೆಲ್ಲ ವಾಸಕ್ಕೆ ಹುಡುಕುವವರು ಬರುವಂಥ ಮನೆ, ಫ್ಲ್ಯಾಟ್‌ಗಳ ಮಾತು.

ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಮೊದಲ ಖರ್ಚು ತೇವಕ್ಕೆ. ತೇವದ ಗೋಡೆಗೆ ಬಣ್ಣ ಬಳಿಸಿದರೆ ಒಳಗಿನ ನೀರು ಆವಿಯಾಗಿ ಹೊರಬರಲು ದಾರಿಯಿಲ್ಲದೆ ಬಣ್ಣ ಮತ್ತೆ ಉಬ್ಬುತ್ತದೆ, ಬಿಳಿ ಉಪ್ಪು ಬಿಡುತ್ತದೆ. ಅದು ಕೊಂಡವರಿಗೆ ಮಾಡುವ ಮೋಸವೂ ಹೌದು. ಬಚ್ಚಲಿನ ನೀರು ಹೋಗುವ ತೂತಿನ ಟ್ರ್ಯಾಪ್‌ಗೆ ಬಟ್ಟೆ ತುರುಕಿ, ಒಂದು ಇಂಚು ನೀರು ನಿಲ್ಲಿಸಿ 24 ಗಂಟೆ ಬಿಡಿ. ಪಕ್ಕದ ಗೋಡೆಯೋ ಕೆಳಗಿನ ಸೀಲಿಂಗೋ ಒದ್ದೆಯಾದರೆ ನೀರು ಇಳಿಯುತ್ತಿರುವುದು ನೆಲದಿಂದ. ಟೈಲ್ಸ್ ಸಂದಿನ ಹಳೇ ಗ್ರೌಟ್ ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಬೇಕು. ಬಚ್ಚಲು ಬಳಸದೆ ವಾರಗಳಾದರೂ ಗೋಡೆ ಆರದಿದ್ದರೆ ಗೋಡೆಯೊಳಗಿನ ಪೈಪ್ ಮೇಲೆ ಅನುಮಾನಪಡಿ. ಅದಕ್ಕೆ ಪ್ಲಂಬರ್ರೇ ಬೇಕು.

ಸರಿಮಾಡಿಸಿದ ಮೇಲೂ ಎರಡು ಮೂರು ವಾರ ಗೋಡೆ ಆರಲಿ. ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಮರುದಿನ ಒಳಬದಿಯಲ್ಲಿ ಹನಿ ಕಂಡರೆ ಪುಟ್ಟಿ ಹಚ್ಚುವ ಸಮಯ ಬಂದಿಲ್ಲ. ಇಡೀ ಮನೆಗೆ ಬಣ್ಣ ಬೇಕಿಲ್ಲ, ಹಾಲ್ ಮತ್ತು ಕಲೆಬಿದ್ದ ಗೋಡೆಗಳಿಗೆ ಸಾಕು. 10 ಅಡಿಗೆ 12 ಅಡಿಯ, 10 ಅಡಿ ಎತ್ತರದ ಕೋಣೆಯಲ್ಲಿ ಬಾಗಿಲು ಕಿಟಕಿ ಕಳೆದು ಸುಮಾರು 380 ಚದರಡಿ ಗೋಡೆ ಸಿಗುತ್ತದೆ. ಎರಡು ಕೋಟ್‌ಗೆ ಆರೇಳು ಲೀಟರ್ ಎಮಲ್ಷನ್ ಹಿಡಿಯುತ್ತದೆ. ಪೇಂಟರ್ ಇಪ್ಪತ್ತು ಲೀಟರ್ ಬೇಕೆಂದರೆ ಲೆಕ್ಕ ಕೇಳಿ.

ಬೀಗ ಹಾಕಿದ ಮನೆಯೊಳಗೆ ಕಾಲಿಟ್ಟ ಕೂಡಲೇ ಬರುವ ಚರಂಡಿ ವಾಸನೆಗೆ ಜನ ಫಿನಾಯಿಲ್ ಸುರಿಯುತ್ತಾರೆ. ಕಾರಣ ಬೇರೆ. ಬಚ್ಚಲಿನ ನೆಲದ ಆ ನಹಾನಿ ಟ್ರ್ಯಾಪ್‌ನಲ್ಲಿ ನಿಂತಿರಬೇಕಾದ ನೀರು ಆರಿಹೋಗಿ, ಪೈಪಿನ ಗಾಳಿ ನೇರ ಒಳಗೆ ಬರುತ್ತಿರುತ್ತದೆ, ಜಿರಲೆಯೂ ಅದೇ ದಾರಿ ಹಿಡಿಯುತ್ತದೆ. ಪ್ರತಿ ಟ್ರ್ಯಾಪ್‌ಗೆ ಒಂದು ಬಕೆಟ್ ನೀರು ಹಾಕಿ, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ, ಬೇಗ ಆರುವುದಿಲ್ಲ.

ಬೋರ್‌ವೆಲ್ ನೀರಿನಿಂದ ನಲ್ಲಿಗೆ ಕಟ್ಟಿದ ಬಿಳಿ ಕರೆಗೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಇಪ್ಪತ್ತು ನಿಮಿಷ ಸುತ್ತಿಟ್ಟು ಉಜ್ಜಿದರೆ ಆಯಿತು. ಟಾಯ್ಲೆಟ್ ಆ್ಯಸಿಡ್ ಬೇಡ, ನಲ್ಲಿಯ ಹೊಳಪು ಹೋಗುತ್ತದೆ. ಮಾರ್ಬಲ್‌ಗಂತೂ ವಿನೆಗರ್ ಕೂಡ ತಾಗಬಾರದು. ರೆಡ್ ಆಕ್ಸೈಡ್ ನೆಲವಿದ್ದರೆ ದಯವಿಟ್ಟು ಅದರ ಮೇಲೆ ವಿನೈಲ್ ಶೀಟ್ ಹಾಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿ, ಜಾರದಂತೆ ಒಣಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ. ಬರಿಗಾಲಲ್ಲಿ ಆ ತಂಪನ್ನು ಮೆಟ್ಟಿ ಬೆಳೆದವರೇ ಈಗ ಮನೆ ಕೊಳ್ಳುವ ವಯಸ್ಸಿಗೆ ಬಂದಿದ್ದಾರೆ. ಇಲ್ಲಿ ಲಕ್ಷಗಟ್ಟಲೆ ಸುರಿದರೂ ಅಂಥ ನೆಲ ಸಿಗದು.

ಇಲ್ಲಿಯ ಏಜೆಂಟರು ದೇವರ ಪಟ ತೆಗೆಸುತ್ತಾರೆ. ನಮ್ಮೂರಿಗೆ ಆ ಮಾತು ಹೊಂದುವುದಿಲ್ಲ. ಕುಟುಂಬದ ಫೋಟೊ, ಔಷಧಿ ಡಬ್ಬ, ಹಳೇ ಮಂಚ ಸಾಗಿಸಿ, ದೇವರ ಕೋಣೆ ಮಾತ್ರ ತೊಳೆದು ದೀಪ ಹಚ್ಚಿಡಿ. ಎಲ್‌ಇಡಿ ಬಲ್ಬ್‌ಗಳು ಒಂದು ಕೋಣೆಯಲ್ಲಿ ಒಂದೇ ಬಣ್ಣದವಿರಲಿ. ಬೆಂಗಳೂರಿನಲ್ಲಿ ಮನೆ ನೋಡಲು ಬಂದವರು ನೀರಿನ ಬಗ್ಗೆ ಕೇಳಿಯೇ ಕೇಳುತ್ತಾರೆ, ಆದ್ದರಿಂದ ಸಂಪ್ ತೊಳೆಸಿ, ಮುಚ್ಚಳ ತೆಗೆದೇ ತೋರಿಸಿ. ಜಲಮಂಡಳಿ ಬಿಲ್, ಇಸಿ (ಆಸ್ತಿಯ ಮೇಲೆ ಸಾಲ, ಋಣ ಇದೆಯೇ ಎಂದು ತೋರಿಸುವ ಪತ್ರ), ಕಂದಾಯ ರಸೀದಿ, ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಒಂದೇ ಫೈಲ್‌ನಲ್ಲಿರಲಿ. ಇ-ಖಾತಾ ಇಲ್ಲದೆ ನೋಂದಣಿಯೇ ಆಗದು.

ಆಷಾಢದಲ್ಲಿ ಅಡ್ವಾನ್ಸ್ ಕೊಡುವವರು ಕಡಿಮೆ. ಶ್ರಾವಣಕ್ಕೆ ಮನೆ ತೋರಿಸಬೇಕೆಂದರೆ ಗೋಡೆ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು, ಮಳೆಗಾಲದಲ್ಲಿ ತೇವ ಬೇಗ ಆರುವುದಿಲ್ಲ. ದೂರದಲ್ಲಿರುವವರು ಊರಲ್ಲಿರುವ ತಮ್ಮನಿಗೋ ಅತ್ತಿಗೆಗೋ ಒಂದು ಮಾತು ಹೇಳಿಡಿ: ತೋರಿಸುವ ದಿನ ಒಂದು ಗಂಟೆ ಮುಂಚೆ ಹೋಗಿ, ಕಿಟಕಿ ತೆರೆದು, ಟ್ರ್ಯಾಪ್‌ಗಳಿಗೆ ನೀರು ಹಾಕಿ, ಎಲ್ಲ ಲೈಟ್ ಹಾಕಿರಲಿ. ಬ್ರೋಕರ್ ಇದನ್ನೆಲ್ಲ ಮಾಡುವುದಿಲ್ಲ.